ಮೆಥನಾಲ್ ವಿಷ, ಸರಿಯಾಗಿಯೇ ಕಂಡ ಪಿಟಿ ಮತ್ತು ಕ್ಯಾಥೆಟರ್‌ನೊಳಗಿನ 1.3 ಮಿ.ಲೀ. ಹೆಪಾರಿನ್: ಒಂದು ಪ್ರಕರಣ ಅಧ್ಯಯನ

ಮೆಥನಾಲ್ ನೇರವಾಗಿ ರಕ್ತ ತೆಳುವಾಗಿಸುವ ವಿಷವಲ್ಲ. ಇಲಿ ಪಾಷಾಣದಂತೆ ಅದು ವಿಟಮಿನ್ ಕೆಗೆ ಅಡ್ಡ ಬರುವುದಿಲ್ಲ, ಮಂಡಲದ ಹಾವಿನ ವಿಷದಂತೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ತಿಂದುಹಾಕುವುದೂ ಇಲ್ಲ. ಆದರೂ ಮೆಥನಾಲ್ ಕುಡಿದು ಬಂದವರಲ್ಲಿ ಕೆಲವರ ಮಿದುಳಿನಲ್ಲಿ, ಹೆಚ್ಚಾಗಿ ಪುಟಾಮೆನ್ ಎಂಬ ಒಂದೇ ಜಾಗದಲ್ಲಿ, ರಕ್ತ ಸೋರುತ್ತದೆ. ಹೀಗೆ ಸೋರುವುದಕ್ಕೆ ಒಂದೇ ಕಾರಣ ಇರುವುದು ಕಡಿಮೆ. ವಿಷದಿಂದ ಮೊದಲೇ ಸತ್ತ ಮಿದುಳಿನ ಭಾಗ, ಆಮ್ಲದಿಂದ ನಿಧಾನಗೊಂಡ ಹೆಪ್ಪುಗಟ್ಟುವಿಕೆ, ವರ್ಷಗಟ್ಟಲೆ ಕುಡಿದು ಇಳಿದ ಪ್ಲೇಟ್‌ಲೆಟ್, ಇವೆಲ್ಲದರ ಮೇಲೆ ಡಯಾಲಿಸಿಸ್ ಮಾಡುವಾಗ ನಾವೇ ಒಳಗೆ ಬಿಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್. ಮೊದಲ ಮೂರು ರೋಗಿಯ ಜೊತೆಗೇ ಬರುತ್ತವೆ. ನಾಲ್ಕನೆಯದು ಆಸ್ಪತ್ರೆಯ ಟ್ರಾಲಿಯಿಂದ ಬರುತ್ತದೆ. ಈ ಬರಹದ ಕಣ್ಣು ಆ ನಾಲ್ಕನೆಯದರ ಮೇಲೆ.

ಇಲ್ಲಿರುವ ರೋಗಿ ಯಾವುದೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಮೆಥನಾಲ್ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಹಾಸಿಗೆಯ ಮೇಲೆ ತಂದು, ಬೋಧನೆಗಾಗಿ ಕಟ್ಟಿದ ಪ್ರಕರಣ ಇದು. ಅಂಕಿಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಇಟ್ಟಿದೆ, ಲೆಕ್ಕ ಹಾಕಿ ನೋಡಬಹುದು.

ಈ ಕಥೆ ನಮ್ಮ ರಾಜ್ಯಕ್ಕೆ ದೂರದ್ದೇನಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆ ಕೃಷ್ಣಗಿರಿಯಲ್ಲಿ ವಿಷಮದ್ಯ ಕುಡಿದು ಮತ್ತೆ ನೂರಕ್ಕೂ ಹೆಚ್ಚು ಜನ ಹೋದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅದೇ ಮೆಥನಾಲ್, ಅದೇ ಸಾಲು ಹಾಸಿಗೆ. ಇಂಥ ರೋಗಿಗಳು ಒಬ್ಬೊಬ್ಬರಾಗಿ ಬರುವುದಿಲ್ಲ, ಆಟೋ ತುಂಬ ಬರುತ್ತಾರೆ. ಗಡಿಬಿಡಿಯಲ್ಲಿ ಕೈ ತನ್ನ ರೂಢಿಯ ಕೆಲಸವನ್ನೇ ಮಾಡಿಬಿಡುತ್ತದೆ. ಹೆಪಾರಿನ್ ತಪ್ಪುವುದೂ ಅಲ್ಲೇ.

ರೋಗಿ ಬಂದಾಗ

46 ವರ್ಷದ ಪೇಂಟರ್, ತೂಕ 60 ಕಿಲೋ, ಹದಿನೈದು ವರ್ಷದಿಂದ ದಿನಾ ಕುಡಿತ. ಭಾನುವಾರ ಸಂಜೆ ಏಳರ ಸುಮಾರಿಗೆ ಮೂವರು ಸ್ನೇಹಿತರ ಜೊತೆ ಲೇಬಲ್ಲಿಲ್ಲದ ಬಾಟಲಿಯ ಮದ್ಯ ಕುಡಿದಿದ್ದಾನೆ. ಸೋಮವಾರ ಬೆಳಿಗ್ಗೆ ಚೆನ್ನಾಗಿಯೇ ಇದ್ದ, ಕೆಲಸಕ್ಕೂ ಹೋದ. ಸಂಜೆ ವಾಂತಿ, ಹೊಟ್ಟೆ ಹಿಂಡುವ ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಪ್ಯಾಂಟೊಪ್ರಜೋಲ್ ಜೊತೆಗೆ ಸೊಂಟಕ್ಕೆ ಒಂದು ಡೈಕ್ಲೋಫೆನಾಕ್ ಇಂಜೆಕ್ಷನ್. ಮಂಗಳವಾರ ನಸುಕಿನಲ್ಲಿ ಎದುರಿಗೆ ನಿಂತ ಹೆಂಡತಿಯ ಮುಖ ಕಾಣಲಿಲ್ಲ. ಬೆಳಿಗ್ಗೆ 7ಕ್ಕೆ ಜಿಲ್ಲಾ ಮಟ್ಟದ ಆಸ್ಪತ್ರೆಯ ತುರ್ತು ವಿಭಾಗ. ಕುಡಿದು 36 ಗಂಟೆ ಕಳೆದಿತ್ತು.

ಈ ಮಧ್ಯದ ಆರಾಮದ ದಿನವೇ ಎಲ್ಲರನ್ನೂ ದಾರಿ ತಪ್ಪಿಸುವುದು. ಮೆಥನಾಲ್ ತಾನಾಗಿ ದೊಡ್ಡ ವಿಷವಲ್ಲ. ಯಕೃತ್ತಿನ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಅದನ್ನು ಫಾರ್ಮಾಲ್ಡಿಹೈಡ್ ಮಾಡಿ, ಅದು ಫಾರ್ಮಿಕ್ ಆಮ್ಲ ಆದ ಮೇಲೆ ಕೆಡುಕು ಶುರು. ಇದಕ್ಕೆ ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು. ಜೊತೆಗೆ ಒಳ್ಳೆಯ ಮದ್ಯವೂ ಹೊಟ್ಟೆಯಲ್ಲಿದ್ದರೆ ಇನ್ನೂ ತಡ, ಏಕೆಂದರೆ ಆ ಕಿಣ್ವ ಮೆಥನಾಲ್‌ಗಿಂತ ಎಥನಾಲನ್ನೇ ಹತ್ತಿಪ್ಪತ್ತು ಪಟ್ಟು ಹೆಚ್ಚು ಬಯಸುತ್ತದೆ.

ಇತಿಹಾಸ ಕೇಳುವಾಗ 'ಕುಡೀತಾರಾ?' ಎಂದರೆ ಉತ್ತರ ಸಿಗುವುದಿಲ್ಲ, ಪೊಲೀಸರ ಭಯ ಇರುತ್ತದೆ. ಇಲ್ಲಿ ಕೆಲಸ ಮಾಡಿದ್ದು ಬೇರೆ ಪ್ರಶ್ನೆ.

'ಅಕ್ಕಾ, ಇವರ ಜೊತೆ ಕೂತೋರು ಇನ್ಯಾರ್‍ಯಾರು? ಅವರಿಗೇನಾಗಿದೆ?'

'ಮೂರು ಜನ ಇದ್ರು ಸರ್. ನಮ್ಮ ಮೈದುನ ರಾತ್ರಿಯಿಂದ ವಾಂತಿ ಮಾಡ್ಕೋತಿದಾನೆ, ಮನೇಲೇ ಮಲಗಿದಾನೆ.'

ಆ ಮೂವರನ್ನೂ ತಕ್ಷಣ ಕರೆತರಲು ಆಂಬುಲೆನ್ಸ್ ಹೋಯಿತು, ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ, ಬರೆದರು. ಲಕ್ಷಣ ಇಲ್ಲದವನನ್ನು ಕರೆತರುವುದೇ ಈ ಕಾಯಿಲೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ.

ಪರೀಕ್ಷೆಯಲ್ಲಿ ಕಂಡದ್ದು: ಜಿಸಿಎಸ್ (15ರಲ್ಲಿ ಅಳೆಯುವ ಎಚ್ಚರದ ಮಟ್ಟ) 12, ನಾಡಿ 112, ಬಿಪಿ 104/66, ಉಸಿರು ನಿಮಿಷಕ್ಕೆ 34, ಆಳವಾಗಿ, ಓಡಿ ಬಂದವನಂತೆ. ಎರಡೂ ಕಣ್ಣಿನ ಪಾಪೆ 6 ಮಿ.ಮೀ. ಅರಳಿವೆ, ಬೆಳಕಿಗೆ ಅಲುಗುವುದೇ ಇಲ್ಲ ಎನ್ನಬಹುದು. ಕೈ ಬೀಸಿದರಷ್ಟೇ ತಿಳಿಯುತ್ತದೆ. ಮಂಜು ಕವಿದಂತೆ ಎಲ್ಲ ಬೆಳ್ಳಗೆ ಎನ್ನುತ್ತಾನೆ.

ರಕ್ತದ ಅನಿಲ: ಪಿಎಚ್ 6.95, ಇಂಗಾಲದ ಡೈಆಕ್ಸೈಡ್ 18, ಬೈಕಾರ್ಬನೇಟ್ 3.8. ಸೋಡಿಯಂ 138, ಕ್ಲೋರೈಡ್ 98. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ ಸಿಗುವ ಅಯಾನ್ ಗ್ಯಾಪ್, ಅಂದರೆ ಲೆಕ್ಕಕ್ಕೆ ಸಿಗದ ಆಮ್ಲದ ಸುಳಿವು, 36. ಲ್ಯಾಕ್ಟೇಟ್ 4.8, ಇಷ್ಟು ದೊಡ್ಡ ಗ್ಯಾಪನ್ನು ಅದು ತುಂಬಲಾರದು. ಕೀಟೋನ್ ಇಲ್ಲ. ಸಕ್ಕರೆ 126, ಯೂರಿಯಾ 36. ಆಸ್ಮೋಲಾಲಿಟಿ, ಅಂದರೆ ರಕ್ತದಲ್ಲಿ ಕರಗಿದ ಕಣಗಳ ಒಟ್ಟು ಸಾಂದ್ರತೆ, ಲೆಕ್ಕ ಹಾಕುವಾಗ ಒಂದು ಎಚ್ಚರ: ಪುಸ್ತಕದ ಸೂತ್ರದಲ್ಲಿರುವುದು ಬಿಯುಎನ್ (ಯೂರಿಯಾದೊಳಗಿನ ಸಾರಜನಕ), ಅದನ್ನು 2.8ರಿಂದ ಭಾಗಿಸುತ್ತಾರೆ. ನಮ್ಮ ಲ್ಯಾಬ್‌ಗಳು ಹೆಚ್ಚಾಗಿ ಕೊಡುವುದು ಬ್ಲಡ್ ಯೂರಿಯಾ, ಅದನ್ನು 6ರಿಂದ ಭಾಗಿಸಬೇಕು. ಸೋಡಿಯಂನ ಎರಡರಷ್ಟು 276, ಸಕ್ಕರೆಯನ್ನು 18ರಿಂದ ಭಾಗಿಸಿದರೆ 7, ಯೂರಿಯಾದ 6, ಒಟ್ಟು 289. ಅಳೆದದ್ದು 321. ಅಂತರ, ಅಂದರೆ ಆಸ್ಮೋಲಾರ್ ಗ್ಯಾಪ್, 32. ಈ ಅಳತೆ ದ್ರವ ಮಂಜುಗಡ್ಡೆಯಾಗುವ ಬಿಂದು (ಫ್ರೀಜಿಂಗ್ ಪಾಯಿಂಟ್) ನೋಡುವ ಯಂತ್ರದಲ್ಲೇ ಆಗಬೇಕು. ಆವಿಯ ಒತ್ತಡ ಅಳೆಯುವ ಯಂತ್ರದಲ್ಲಿ ಮೆಥನಾಲ್ ಹಾರಿಹೋಗಿ ಗ್ಯಾಪ್ ಕಾಣುವುದೇ ಇಲ್ಲ. ಸಹಜವಾಗಿಯೇ ಇರಬಹುದಾದ 10ನ್ನು ಕಳೆದು ಉಳಿದ 22ನ್ನು 3.2ರಿಂದ ಗುಣಿಸಿದರೆ ಡೆಸಿಲೀಟರ್‌ಗೆ ಸುಮಾರು 70 ಮಿ.ಗ್ರಾಂ ಮೆಥನಾಲ್ ಎಂಬ ಒರಟು ಅಂದಾಜು. ಆ ಮಾದರಿ ಹೊರಗಿನ ಲ್ಯಾಬಿಗೆ ಹೋಗಿ ಫಲಿತಾಂಶ ಬಂದದ್ದು ಮಧ್ಯಾಹ್ನ 2ಕ್ಕೆ. ಚಿಕಿತ್ಸೆ ಅದಕ್ಕೆ ಕಾಯಲಿಲ್ಲ, ಕಾಯಲೂ ಬಾರದು.

ಈಗ ರಕ್ತದ ಇನ್ನೊಂದು ಹಾಳೆ. ಹಿಮೋಗ್ಲೋಬಿನ್ 16.8, ಎಂಸಿವಿ (ಕೆಂಪು ಕಣದ ಗಾತ್ರ) 104, ಪ್ಲೇಟ್‌ಲೆಟ್ 92 ಸಾವಿರ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ ಪಿಟಿ 16.2 ಸೆಕೆಂಡ್ (ಕಂಟ್ರೋಲ್, ಅಂದರೆ ಸಹಜ ರಕ್ತದಲ್ಲಿ, 12.5), ಅದರ ಅನುಪಾತವಾದ ಐಎನ್‌ಆರ್ 1.3. ಹೆಪಾರಿನ್ ಇದ್ದರೆ ಉದ್ದವಾಗುವ ಅಂಥದೇ ಇನ್ನೊಂದು ಪರೀಕ್ಷೆ ಎಪಿಟಿಟಿ 34 (ಕಂಟ್ರೋಲ್ 30). ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 118, ಎಎಲ್‌ಟಿ 62, ಆಲ್ಬುಮಿನ್ 3.2. ಕ್ರಿಯಾಟಿನಿನ್ 1.6. 8:30ಕ್ಕೆ ಮಾಡಿದ ಮಿದುಳಿನ ಸಿಟಿ ಸ್ವಚ್ಛ.

ಆ ಪಿಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಐಎನ್‌ಆರ್ 1.3 ನೋಡಿದರೆ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಒಮ್ಮೆ ನೋಡಬೇಕು. ನೀಲಿ ಮುಚ್ಚಳದ ಟ್ಯೂಬಿಗೆ ಒಂಬತ್ತು ಭಾಗ ರಕ್ತ, ಒಂದು ಭಾಗ ಸಿಟ್ರೇಟ್. ಲ್ಯಾಬಿನಲ್ಲಿ ಪ್ಲಾಸ್ಮಾ ಬೇರೆ ಮಾಡಿ, 37 ಡಿಗ್ರಿಗೆ ಬೆಚ್ಚಗೆ ಮಾಡಿ, ಬಫರ್ ಇರುವ ದ್ರಾವಣ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಎಂದು ಅಳೆಯುತ್ತಾರೆ. ಅಂದರೆ ರೋಗಿಯ ಮೈಯಲ್ಲಿ ಪಿಎಚ್ 6.95 ಇದ್ದರೂ ಪರೀಕ್ಷಾ ನಳಿಗೆಯಲ್ಲಿ ಅದು ಸಹಜಕ್ಕೆ ಬಂದುಬಿಟ್ಟಿರುತ್ತದೆ. ರೋಗಿ 34 ಡಿಗ್ರಿಗೆ ತಣ್ಣಗಾಗಿದ್ದರೂ ನಳಿಗೆ 37ರಲ್ಲೇ ಇರುತ್ತದೆ. ಹೆಪ್ಪುಗಟ್ಟಿಸುವ ಅಂಶಗಳು ಎಷ್ಟಿವೆ ಎಂಬುದು ಆ ವರದಿಯಲ್ಲಿದೆ. ಅವು ಈ ಹುಳಿ ರಕ್ತದಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂಬುದು ಇಲ್ಲ.

ಕೆಲಸ ಎಷ್ಟು ತಗ್ಗುತ್ತದೆ? ಪಿಎಚ್ 7.4ರಿಂದ 7.0ಕ್ಕೆ ಇಳಿದಾಗ ಸಕ್ರಿಯ 7ನೇ ಅಂಶದ ಚಟುವಟಿಕೆ ಸುಮಾರು ಹತ್ತನೇ ಒಂದು ಪಾಲಿಗೆ, 10 ಮತ್ತು 5ನೇ ಅಂಶಗಳು ಸೇರಿ ಹೆಪ್ಪುಗಟ್ಟಿಸುವ ಥ್ರಾಂಬಿನ್ ತಯಾರಿಸುವ ಕೂಟದ ಚಟುವಟಿಕೆ ಮೂರನೇ ಒಂದು ಪಾಲಿನ ಆಸುಪಾಸಿಗೆ ಕುಸಿಯುವುದನ್ನು ಪ್ರಯೋಗಗಳಲ್ಲಿ ಅಳೆದಿದ್ದಾರೆ. ಕಿಣ್ವಗಳು ಫಾಸ್ಫೋಲಿಪಿಡ್ ಮೇಲ್ಮೈಗೆ ಅಂಟಿ ನಿಲ್ಲಲು ಬೇಕಾದ ವಿದ್ಯುದಾವೇಶವನ್ನು ಹೈಡ್ರೋಜನ್ ಅಯಾನು ಕೆಡಿಸುತ್ತದೆ. ಈ ಕಾರಣಕ್ಕೇ ಇಂಥ ರೋಗಿಗೆ ಬೈಕಾರ್ಬನೇಟ್ ಕೊಡುವುದು ಹೆಪ್ಪುಗಟ್ಟುವಿಕೆಯ ಚಿಕಿತ್ಸೆಯೂ ಹೌದು. ಪ್ಲಾಸ್ಮಾ ಸುರಿದರೂ ಹುಳಿ ರಕ್ತದಲ್ಲಿ ಅದು ಕುಂಟುತ್ತದೆ.

ಪ್ಲೇಟ್‌ಲೆಟ್ 92 ಸಾವಿರ ಏಕೆ? ಎಂಸಿವಿ 104 ಪಕ್ಕದಲ್ಲೇ ಇದೆ, ಎಎಸ್‌ಟಿ ಎಎಲ್‌ಟಿಯ ಎರಡರಷ್ಟಿದೆ. ಇದು ಹಳೇ ಕುಡಿತದ ಸಹಿ. ಎಥನಾಲ್ ಮೂಳೆ ಮಜ್ಜೆಯನ್ನು ತುಳಿಯುತ್ತದೆ, ಇರುವ ಪ್ಲೇಟ್‌ಲೆಟ್‌ಗಳ ಅಂಟುಗುಣವನ್ನೂ ಕುಗ್ಗಿಸುತ್ತದೆ. ಅದರ ಮೇಲೆ ನಿನ್ನೆ ಸಂಜೆಯ ಡೈಕ್ಲೋಫೆನಾಕ್ ಬೇರೆ. ಎಣಿಕೆ 92 ಸಾವಿರ ಇದ್ದರೂ ಕೆಲಸದ ಲೆಕ್ಕದಲ್ಲಿ ಅಷ್ಟಿಲ್ಲ ಎಂದೇ ಹಿಡಿಯಬೇಕು.

ಮಾದರಿ ತೆಗೆಯುವಾಗಿನ ತಪ್ಪುಗಳೂ ಇಲ್ಲಿ ದೊಡ್ಡವು. 2.7 ಮಿ.ಲೀ. ಗೆರೆಯ ತನಕ ತುಂಬದ ಟ್ಯೂಬಿನಲ್ಲಿ ಸಿಟ್ರೇಟ್ ಹೆಚ್ಚಾಗಿ ಪಿಟಿ, ಎಪಿಟಿಟಿ ಎರಡೂ ಸುಳ್ಳೇ ಉದ್ದವಾಗುತ್ತವೆ. ವಾಂತಿಯಾಗಿ ಒಣಗಿದ ರೋಗಿಯ ಪಿಸಿವಿ (ರಕ್ತದಲ್ಲಿ ಕಣಗಳ ಶೇಕಡಾ ಪಾಲು) 55 ದಾಟಿದ್ದರೂ ಅದೇ ಎಡವಟ್ಟು, ಏಕೆಂದರೆ ಪ್ಲಾಸ್ಮಾದ ಪಾಲೇ ಕಡಿಮೆ. ಇನ್ನು ಡಯಾಲಿಸಿಸ್ ಕ್ಯಾಥೆಟರ್‌ನಿಂದ ತೆಗೆದ ರಕ್ತದ ಎಪಿಟಿಟಿಗೆ ಬೆಲೆಯೇ ಇಲ್ಲ, ಹೆಪಾರಿನ್ ಅಂಟಿರುತ್ತದೆ. ಬೇರೆ ತೋಳಿನಿಂದ ಹೊಸದಾಗಿ ಚುಚ್ಚಿ ತೆಗೆಯಬೇಕು.

ಮೊದಲ ಹತ್ತು ಗಂಟೆ

7:20ಕ್ಕೆ 7.5% ಸೋಡಿಯಂ ಬೈಕಾರ್ಬನೇಟ್ 100 ಮಿ.ಲೀ., ಅಂದರೆ ಸುಮಾರು 90 ಮಿಲಿಈಕ್ವಿವಲೆಂಟ್, ಆಮೇಲೆ ಡ್ರಿಪ್. ಗುರಿ ಪಿಎಚ್ 7.3ರ ಮೇಲೆ. ಬೈಕಾರ್ಬನೇಟ್ ಬೇಗ ಹೋದಷ್ಟೂ ಅಯಾನಿಕ ಕ್ಯಾಲ್ಸಿಯಂ ಇಳಿಯುತ್ತದೆ. ಇಲ್ಲಿ 0.98ಕ್ಕೆ ಬಂತು, ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ಬೇರೆ ಲೈನಿನಲ್ಲಿ ನಿಧಾನಕ್ಕೆ ಹೋಯಿತು. ಒಂದೇ ಲೈನಿನಲ್ಲಿ ಎರಡೂ ಬಿಟ್ಟರೆ ಸುಣ್ಣದಂತೆ ಗರಣೆಗಟ್ಟುತ್ತದೆ.

ಆಲ್ಕೊಹಾಲ್ ಡಿಹೈಡ್ರೋಜಿನೇಸನ್ನು ತಡೆಯುವ ಪ್ರತಿವಿಷ ಫೋಮೆಪಿಜೋಲ್ ಸಿಕ್ಕಿದ್ದರೆ ಮೊದಲ ಡೋಸ್ ಕಿಲೋಗೆ 15 ಮಿ.ಗ್ರಾಂ, ನಂತರ 12 ಗಂಟೆಗೊಮ್ಮೆ 10 ಮಿ.ಗ್ರಾಂನಂತೆ ನಾಲ್ಕು ಸಲ, ಡಯಾಲಿಸಿಸ್ ನಡೆಯುವಾಗ 4 ಗಂಟೆಗೊಮ್ಮೆ. ಜಿಲ್ಲಾ ಮಟ್ಟದಲ್ಲಿ ಅದು ಸಿಗುವುದು ಅಪರೂಪ. ಹಾಗಾಗಿ ಅದೇ ಕಿಣ್ವವನ್ನು ಹಿಡಿದಿಡುವ ಎಥನಾಲ್. ಕಿಲೋಗೆ 0.8 ಗ್ರಾಂನಂತೆ 48 ಗ್ರಾಂ ಬೇಕು. 42.8% ಮದ್ಯದ ಪ್ರತಿ ಮಿ.ಲೀ.ನಲ್ಲಿ ಸುಮಾರು 0.34 ಗ್ರಾಂ ಎಥನಾಲ್ ಇರುತ್ತದೆ, ಅಂದರೆ 140 ಮಿ.ಲೀ. ಅದನ್ನು ನೀರು ಬೆರೆಸಿ 300 ಮಿ.ಲೀ. ಮಾಡಿ ಮೂಗಿನ ನಳಿಕೆಯಲ್ಲಿ ಕೊಟ್ಟರು. ಬೆರೆಸದೆ ಕೊಟ್ಟರೆ ಜಠರದ ಒಳಪದರ ಸುಟ್ಟು ಅಲ್ಲೂ ರಕ್ತ. ನಂತರ ಗಂಟೆಗೆ 27 ಮಿ.ಲೀ. ಮದ್ಯದ ಲೆಕ್ಕ, ಡಯಾಲಿಸಿಸ್ ಹೊತ್ತಿನಲ್ಲಿ ಅದರ ಎರಡರಷ್ಟು, ಏಕೆಂದರೆ ಯಂತ್ರ ಎಥನಾಲನ್ನೂ ಎಳೆದು ಹಾಕುತ್ತದೆ. ರಕ್ತದಲ್ಲಿ ಡೆಸಿಲೀಟರ್‌ಗೆ 100ರಿಂದ 150 ಮಿ.ಗ್ರಾಂ ನಿಲ್ಲಬೇಕು. ಗಂಟೆಗೊಮ್ಮೆ ಸಕ್ಕರೆ ಪರೀಕ್ಷೆ. ಫೋಲಿನಿಕ್ ಆಮ್ಲ 50 ಮಿ.ಗ್ರಾಂ 6 ಗಂಟೆಗೊಮ್ಮೆ, ಥಯಮಿನ್ 200 ಮಿ.ಗ್ರಾಂ, ಎರಡೂ ರಕ್ತನಾಳಕ್ಕೆ. ಸ್ನಾಯುವಿಗೆ ಚುಚ್ಚುವ ಯಾವ ಇಂಜೆಕ್ಷನ್ನೂ ಬೇಡ ಎಂದು ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು.

ಡಯಾಲಿಸಿಸ್ ಬೇಕೇ ಎಂಬ ಚರ್ಚೆಗೆ ಇಲ್ಲಿ ಎಡೆಯೇ ಇಲ್ಲ. ದೃಷ್ಟಿ ಹೋಗಿದೆ, ಪಿಎಚ್ 7.15ರ ಕೆಳಗಿದೆ, ಅಯಾನ್ ಗ್ಯಾಪ್ 24ರ ಮೇಲಿದೆ. ಇವುಗಳಲ್ಲಿ ಒಂದಿದ್ದರೂ ಸಾಕಿತ್ತು. ಕ್ಯಾಥೆಟರನ್ನು ತೊಡೆಯ ಸಂದಿನ ಅಭಿಧಮನಿಗೆ ಹಾಕಿದರು. ರಕ್ತ ಸೋರಿದರೆ ಅಲ್ಲಿ ಒತ್ತಿ ಹಿಡಿಯಬಹುದು, ಕೊರಳೆಲುಬಿನ ಕೆಳಗಾದರೆ ಒತ್ತಲು ಜಾಗವಿಲ್ಲ.

ಆದೇಶ ಸ್ಪಷ್ಟವಾಗಿತ್ತು: ಹೆಪಾರಿನ್ ಇಲ್ಲದ ಡಯಾಲಿಸಿಸ್, 8 ಗಂಟೆ. ರಕ್ತ ಸೋಸುವ ಡಯಲೈಸರ್ ಮರುಬಳಕೆಯದಲ್ಲ, ಹೊಸದು. ಸರ್ಕ್ಯೂಟ್ ತೊಳೆಯುವುದೂ ಬರೀ ಸಲೈನ್‌ನಲ್ಲಿ. ರಕ್ತದ ಹರಿವು ನಿಮಿಷಕ್ಕೆ 300 ಮಿ.ಲೀ., ಡಯಲೈಸೇಟ್ 500. ಅರ್ಧ ಗಂಟೆಗೊಮ್ಮೆ 100 ಮಿ.ಲೀ. ಸಲೈನ್ ಬಿಟ್ಟು ತೊಳೆಯಬೇಕು, ಹಾಗೆ ಸೇರಿದ ನೀರನ್ನು ಯಂತ್ರದಿಂದಲೇ ತೆಗೆಯಬೇಕು. 8 ಗಂಟೆ ಏಕೆಂದರೆ, ಪ್ರತಿವಿಷ ಕೊಟ್ಟ ಮೇಲೆ ಮೆಥನಾಲ್ ತಾನಾಗಿ ಅರ್ಧಕ್ಕಿಳಿಯಲು ಎರಡು ದಿನದಷ್ಟು ಬೇಕು, ಡಯಾಲಿಸಿಸ್‌ನಲ್ಲಿ ಸುಮಾರು 3 ಗಂಟೆ ಸಾಕು. 70ರಿಂದ 20ರ ಕೆಳಗೆ ತರಲು ಎರಡು ಅರ್ಧಾಯುಷ್ಯ ಹಿಡಿಯುತ್ತದೆ. ಅಂದಾಜು ಒರಟಾದ್ದರಿಂದ ಎರಡು ಗಂಟೆ ಹೆಚ್ಚಿಗೆ ಇಟ್ಟದ್ದು.

10 ಗಂಟೆಗೆ ಶುರುವಾಯಿತು. ರೋಗಿಯ ಉಸಿರು ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬಂತು, ಹೆಸರು ಕೂಗಿದರೆ ಸರಿಯಾಗಿ ಓಗೊಡುತ್ತಿದ್ದ. ಆದರೆ 2:30ರಿಂದ ವೀನಸ್ ಒತ್ತಡ (ರಕ್ತ ಮೈಗೆ ಮರಳುವ ಕೊಳವೆಯ ಒತ್ತಡ) ಏರುತ್ತ ಹೋಯಿತು, ಡಯಲೈಸರ್‌ನ ಎಳೆಗಳ ನಡುವೆ ಕಪ್ಪು ಗೆರೆಗಳು ಮೂಡಿದವು, 3 ಗಂಟೆಗೆ ಸರ್ಕ್ಯೂಟ್ ಹೆಪ್ಪುಗಟ್ಟಿ ನಿಂತೇಹೋಯಿತು. 150 ಮಿ.ಲೀ.ಗಿಂತ ಹೆಚ್ಚು ರಕ್ತ ಅದರಲ್ಲೇ ಉಳಿಯಿತು. 5 ಗಂಟೆಯ ಡಯಾಲಿಸಿಸ್ ಆಗಿತ್ತು. ಪಿಎಚ್ 7.31, ಬೈಕಾರ್ಬನೇಟ್ 17, ಜಿಸಿಎಸ್ 15. ಸಂಜೆ ಬಂದ ಆಸ್ಮೋಲಾರ್ ಗ್ಯಾಪ್, ಕೊಟ್ಟ ಎಥನಾಲ್‌ನ ಪಾಲು ಕಳೆದ ಮೇಲೆ, 19. ನಿಲ್ಲಿಸುವಷ್ಟು ಇಳಿದಿರಲಿಲ್ಲ, ರಾತ್ರಿ ಇನ್ನೊಂದು ಸುತ್ತು ಎಂದು ತೀರ್ಮಾನವಾಯಿತು.

1.3 ಮಿ.ಲೀ.

ಸರ್ಕ್ಯೂಟ್ ಹೆಪ್ಪುಗಟ್ಟಿದಾಗ ಬರುವ ಮೊದಲ ಯೋಚನೆ, 'ಇವನ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತಿದೆ, ಸೋರುವ ಭಯವಿಲ್ಲ.' ಇದು ತಪ್ಪು. ಪ್ಲಾಸ್ಟಿಕ್ ಕೊಳವೆಯಲ್ಲಿ ರಕ್ತ ಕಟ್ಟುವುದು ಪರಕೀಯ ಮೇಲ್ಮೈ ತಗುಲಿದ್ದಕ್ಕೆ, ಡ್ರಿಪ್ ಚೇಂಬರಿನಲ್ಲಿ ಗಾಳಿ ಸೋಕಿದ್ದಕ್ಕೆ, ಹರಿವು ತಗ್ಗಿದ್ದಕ್ಕೆ. ಮಿದುಳಿನಲ್ಲಿ ಸತ್ತ ಜಾಗದ ಸಣ್ಣ ರಕ್ತನಾಳ ಒಡೆದರೆ ಅದನ್ನು ಮುಚ್ಚಬೇಕಾದದ್ದು ಪ್ಲೇಟ್‌ಲೆಟ್ ಮತ್ತು ಸಕಾಲಕ್ಕೆ ಹುಟ್ಟುವ ಥ್ರಾಂಬಿನ್. ಅಲ್ಲಿ ಹೆಪ್ಪುಗಟ್ಟಿತು ಎಂದರೆ ಇಲ್ಲೂ ಗಟ್ಟುತ್ತದೆ ಎಂದೇನಲ್ಲ.

ಆದರೆ ಆ ಯೋಚನೆಯೇ ಮುಂದಿನ ಕೈಯನ್ನು ನಡೆಸಿತು. ಯಂತ್ರ ಬಿಚ್ಚಿದ ಮೇಲೆ ಕ್ಯಾಥೆಟರ್‌ನ ಎರಡು ಕೊಳವೆಗಳಲ್ಲಿ ರಕ್ತ ಕಟ್ಟದಿರಲಿ ಎಂದು ಹೆಪಾರಿನ್ ತುಂಬಿಡುವುದು ರೂಢಿ, ಅದಕ್ಕೆ ಲಾಕ್ ಎನ್ನುತ್ತಾರೆ. ಆದೇಶದಲ್ಲಿ 'ಡಯಾಲಿಸಿಸ್ ಹೆಪಾರಿನ್ ಇಲ್ಲದೆ' ಎಂದಿತ್ತು, ಲಾಕ್ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಹೆಪಾರಿನ್ ವೈಲ್ ನಮ್ಮಲ್ಲಿ ಎರಡು ಬಗೆ. 5 ಮಿ.ಲೀ.ನಲ್ಲಿ 5,000 ಯೂನಿಟ್ ಇರುವುದೊಂದು, ಅಂದರೆ ಮಿ.ಲೀ.ಗೆ 1,000. 5 ಮಿ.ಲೀ.ನಲ್ಲಿ 25,000 ಇರುವುದು ಇನ್ನೊಂದು, ಮಿ.ಲೀ.ಗೆ 5,000. ಗಾತ್ರ ಒಂದೇ, ದ್ರವ ಎರಡರಲ್ಲೂ ನೀರಿನಂತೆ ತಿಳಿ. ಟ್ರಾಲಿಯ ಮೇಲಿದ್ದುದು ಎರಡನೆಯದು. ಒಂದೊಂದು ಕೊಳವೆಯ ಹಿಡಿತ 1.3 ಮಿ.ಲೀ., ಕ್ಲ್ಯಾಂಪ್ ಮೇಲೆಯೇ ಅಚ್ಚಾಗಿರುತ್ತದೆ. ಅಷ್ಟನ್ನೇ ಅಳೆದು ತುಂಬಿದರು. ಹಾಗೆ ಸರಿಯಾಗಿ ತುಂಬಿದರೂ ತುದಿಯ ರಂಧ್ರಗಳಿಂದ ಒಂದಿಷ್ಟು ಪಾಲು ರಕ್ತಕ್ಕೆ ಸೋರಿಯೇ ಸೋರುತ್ತದೆ.

ರಾತ್ರಿ 8ಕ್ಕೆ ಎರಡನೇ ಸುತ್ತಿನ ತಯಾರಿ. ಮೊದಲ ಹೆಜ್ಜೆ, ಎರಡೂ ಕೊಳವೆಗಳಿಂದ 5 ಮಿ.ಲೀ. ಎಳೆದು ಚೆಲ್ಲುವುದು. ಒಂದರಿಂದ ಬಂತು. ಕೆಂಪು ಕ್ಲ್ಯಾಂಪಿನ ಕೊಳವೆಯಿಂದ ಬರಲಿಲ್ಲ. ಸಿರಿಂಜಿನ ಪಿಸ್ಟನ್ ಹಿಂದಕ್ಕೆ ಎಳೆದರೆ ಎಳೆದಷ್ಟೂ ಬಿಗಿ, ಬಿಟ್ಟರೆ ತಾನೇ ಮುಂದಕ್ಕೆ ಹಾರುತ್ತದೆ. ಕಾಲು ನೇರ ಮಾಡಿಸಿ, ಕ್ಯಾಥೆಟರನ್ನು ಕೊಂಚ ತಿರುಗಿಸಿ ನೋಡಬೇಕಾದ ಗಳಿಗೆ ಅದು. ಬದಲಿಗೆ ಹೊಸ ಸಿರಿಂಜಿನಲ್ಲಿ 10 ಮಿ.ಲೀ. ಸಲೈನ್ ಹಾಕಿ ಜೋರಾಗಿ ತಳ್ಳಿದರು. ದಾರಿ ಬಿಟ್ಟಿತು, ರಕ್ತವೂ ಬಂತು. ಒಳಗಿದ್ದ 1.3 ಮಿ.ಲೀ. ಮೈಗೆ ಹೋಯಿತು.

1.3 ಗುಣಿಸು 5,000, ಅಂದರೆ 6,500 ಯೂನಿಟ್. 60 ಕಿಲೋ ಮನುಷ್ಯನಿಗೆ ಕಾಲಿನ ಅಭಿಧಮನಿಯ ಹೆಪ್ಪು ಬೆಳೆಯದಿರಲೆಂದು ಕೊಡುವ ಪೂರ್ಣ ಮೊದಲ ಡೋಸ್ ಕಿಲೋಗೆ 80ರಂತೆ 4,800. ಹೆಪಾರಿನ್ ಬೇಡವೇ ಬೇಡ ಎಂದು ಬರೆದ ರೋಗಿಗೆ ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿಗೆ ಹೋಗಿತ್ತು. ಯಾವ ಚಾರ್ಟಿನಲ್ಲೂ ಅದು ದಾಖಲಾಗಲಿಲ್ಲ, ಏಕೆಂದರೆ ಯಾರೂ ಅದನ್ನು ಔಷಧಿ ಕೊಟ್ಟದ್ದು ಎಂದು ಎಣಿಸಿರಲಿಲ್ಲ.

8:50ಕ್ಕೆ ತಲೆ ಸಿಡಿಯುತ್ತಿದೆ ಎಂದ, ವಾಂತಿ ಮಾಡಿದ. ಬಿಪಿ 188/106. ಎಡಗೈ ಎತ್ತಿದರೆ ಜಾರಿ ಬೀಳುತ್ತಿತ್ತು. ಜಿಸಿಎಸ್ 10. ಮೆಥನಾಲ್ ರೋಗಿಯಲ್ಲಿ ಕಣ್ಣಿನ ಪಾಪೆಯನ್ನು ನಂಬಿ ಕೂರುವಂತಿಲ್ಲ, ಅದು ಮೊದಲೇ ಅರಳಿ ನಿಂತಿರುತ್ತದೆ. ಮಿದುಳಿನಲ್ಲಿ ಒತ್ತಡ ಏರಿದ ಸುದ್ದಿಯನ್ನು ಅದು ಹೇಳಲಾರದು. ಇಲ್ಲಿ ಹೇಳಿದ್ದು ಕೈ. ಗಂಟೆಗೊಮ್ಮೆ ಎರಡೂ ಕೈ ಎತ್ತಿಸಿ ನೋಡುವ ಅಭ್ಯಾಸ ಇದ್ದದ್ದರಿಂದ ತಿಳಿಯಿತು.

ಡಯಾಲಿಸಿಸ್ ನಿಲ್ಲಿಸಿ, ರಕ್ತ ವಾಪಸು ಕೊಟ್ಟು, ಸಿಟಿಗೆ. ಬಲ ಪುಟಾಮೆನ್‌ನಲ್ಲಿ ಬೆಳ್ಳಗೆ ರಕ್ತ, 5 ಗುಣಿಸು 4 ಗುಣಿಸು 3 ಸೆಂ.ಮೀ., ಅದರ ಅರ್ಧ 30 ಮಿ.ಲೀ. ಎಡ ಪುಟಾಮೆನ್‌ನಲ್ಲಿ ರಕ್ತವಿಲ್ಲ, ಆದರೆ ಕಪ್ಪಗೆ ಮಬ್ಬಾಗಿದೆ, ಅದೂ ಸತ್ತಿದೆ. ಬೆಳಿಗ್ಗೆ ಸ್ವಚ್ಛವಿದ್ದ ಜಾಗಗಳೇ ಇವು. ಪುಟಾಮೆನ್‌ನ ಗಾಯ ಸಿಟಿಯಲ್ಲಿ ಕಾಣಲು ಹೆಚ್ಚಾಗಿ ಒಂದೆರಡು ದಿನ ಹಿಡಿಯುವುದರಿಂದ ಬಂದ ಹೊತ್ತಿನ ಸ್ವಚ್ಛ ಸಿಟಿ ನೋಡಿ ಹೆಪಾರಿನ್‌ಗೆ ಅನುಮತಿ ಕೊಡುವಂತಿಲ್ಲ.

ಡಿಐಸಿಯೋ, ಹೆಪಾರಿನ್ನೋ

ಬೇರೆ ತೋಳಿನಿಂದ ತೆಗೆದ ರಕ್ತ: ಎಪಿಟಿಟಿ 142 ಸೆಕೆಂಡ್, ಥ್ರಾಂಬಿನ್ ಟೈಮ್ (ಥ್ರಾಂಬಿನ್ ಹಾಕಿದ ಮೇಲೆ ಹೆಪ್ಪುಗಟ್ಟಲು ಹಿಡಿಯುವ ಹೊತ್ತು) 120 ದಾಟಿದೆ, ಪಿಟಿ 17.5, ಪ್ಲೇಟ್‌ಲೆಟ್ 78 ಸಾವಿರ, ಫೈಬ್ರಿನೋಜನ್ 210, ಹೆಪ್ಪು ಕರಗಿದಾಗ ಉಳಿಯುವ ಚೂರಾದ ಡಿ-ಡೈಮರ್ ಮಧ್ಯಮ ಏರಿಕೆ. ಇದನ್ನು ನೋಡಿ 'ವಿಷದಿಂದ ಡಿಐಸಿ ಆಗಿದೆ' ಎಂದು ಬರೆದುಬಿಡುವುದು ಬಹಳ ಸುಲಭ. ಡಿಐಸಿ ಎಂದರೆ ಮೈಯೆಲ್ಲ ಸಣ್ಣ ಹೆಪ್ಪುಗಳಾಗಿ ಹೆಪ್ಪುಗಟ್ಟಿಸುವ ಸಾಮಗ್ರಿಯೇ ಮುಗಿದುಹೋಗುವ ಸ್ಥಿತಿ. ಹಾಗೆ ಬರೆದರೆ ಪ್ಲಾಸ್ಮಾ, ಕ್ರಯೋ (ಫೈಬ್ರಿನೋಜನ್ ಹೆಚ್ಚಿರುವ ರಕ್ತದ ಅಂಶ) ಸುರಿಯುತ್ತಾರೆ, ಹೆಪಾರಿನ್ ಅಲ್ಲೇ ಉಳಿಯುತ್ತದೆ.

ಡಿಐಸಿ ಅಂಕಪಟ್ಟಿಯಲ್ಲಿ ಲೆಕ್ಕ ಹಾಕಿದರು. ಪ್ಲೇಟ್‌ಲೆಟ್ 50ರಿಂದ 100 ಸಾವಿರದ ನಡುವೆ, 1. ಡಿ-ಡೈಮರ್ ಮಧ್ಯಮ, 2. ಪಿಟಿ ಕಂಟ್ರೋಲಿಗಿಂತ 5 ಸೆಕೆಂಡ್ ಹೆಚ್ಚು, 1. ಫೈಬ್ರಿನೋಜನ್ 100ಕ್ಕಿಂತ ಮೇಲೆ, 0. ಒಟ್ಟು 4, ಸ್ಪಷ್ಟ ಡಿಐಸಿ ಎನ್ನಲು 5 ಬೇಕು. ಅಂಕಕ್ಕಿಂತ ಹೆಚ್ಚು ಹೇಳುವುದು ಆಕಾರ. ಡಿಐಸಿಯಲ್ಲಿ ಎಲ್ಲವೂ ಒಟ್ಟಿಗೆ ಕೆಡುತ್ತವೆ. ಇಲ್ಲಿ ಪಿಟಿ ಬೆಳಗಿನಿಂದ ಒಂದೂ ಚಿಲ್ಲರೆ ಸೆಕೆಂಡ್ ಸರಿದಿದೆ, ಎಪಿಟಿಟಿ ಮಾತ್ರ ನಾಲ್ಕು ಪಟ್ಟು ಹಾರಿದೆ, ಫೈಬ್ರಿನೋಜನ್ ಇದ್ದೂ ಥ್ರಾಂಬಿನ್ ಟೈಮ್ ಮುಗಿಯುತ್ತಲೇ ಇಲ್ಲ. ಈ ಮೂರು ಒಟ್ಟಿಗೆ ಕಂಡರೆ ಅದು ಹೆಪಾರಿನ್. ಪಿಟಿ ದ್ರಾವಣದಲ್ಲಿ ಸಾಮಾನ್ಯವಾಗಿ ಹೆಪಾರಿನ್ ನಿಷ್ಕ್ರಿಯಗೊಳಿಸುವ ಪದಾರ್ಥ ಇರುವುದರಿಂದ ಪಿಟಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಆಗಷ್ಟೇ 'ಲಾಕ್ ಎಳೆದಿರಾ, ತಳ್ಳಿದಿರಾ?' ಎಂಬ ಪ್ರಶ್ನೆ ಬಂತು, ಉತ್ತರವೂ ಪ್ರಾಮಾಣಿಕವಾಗಿ ಬಂತು. ಆ ಪ್ರಾಮಾಣಿಕತೆ ಇಲ್ಲದಿದ್ದರೆ ಮುಂದಿನ ಹೆಜ್ಜೆ ಇಲ್ಲ.

ಹೆಪಾರಿನ್‌ಗೆ ಪ್ರತಿವಿಷವಾದ ಪ್ರೋಟಮಿನ್‌ನ ಲೆಕ್ಕ: ಹೆಪಾರಿನ್ ಈಗಷ್ಟೇ ಹೋಗಿದ್ದರೆ 100 ಯೂನಿಟ್‌ಗೆ 1 ಮಿ.ಗ್ರಾಂ. ಹೆಪಾರಿನ್‌ನ ಅರ್ಧಾಯುಷ್ಯ ಒಂದರಿಂದ ಒಂದೂವರೆ ಗಂಟೆ, ಇಲ್ಲಿ ಒಂದು ಗಂಟೆಗೂ ಹೆಚ್ಚು ಕಳೆದಿತ್ತು. ಹಾಗಾಗಿ 40 ಮಿ.ಗ್ರಾಂ, ಒಂದು ಸಲಕ್ಕೆ 50 ದಾಟಬಾರದು. ನಿಮಿಷಕ್ಕೆ 5 ಮಿ.ಗ್ರಾಂ ಮೀರದಂತೆ ಹತ್ತು ನಿಮಿಷದಲ್ಲಿ ಕೊಟ್ಟರು, ಬೇಗ ಕೊಟ್ಟರೆ ಬಿಪಿ ದಿಢೀರ್ ಬೀಳುತ್ತದೆ. ಹದಿನೈದು ನಿಮಿಷಕ್ಕೆ ಎಪಿಟಿಟಿ 36. ರೋಗನಿರ್ಣಯಕ್ಕೂ ಇದೇ ಸಾಕ್ಷಿ: ಡಿಐಸಿ ಪ್ರೋಟಮಿನ್‌ಗೆ ಬಗ್ಗುವುದಿಲ್ಲ.

ವಿಟಮಿನ್ ಕೆ 10 ಮಿ.ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಊಟ ಬಿಟ್ಟು ಕುಡಿಯುವವನಿಗೆ ಅದರ ಕೊರತೆ ಇದ್ದೇ ಇರುತ್ತದೆ ಎಂಬ ಲೆಕ್ಕದಲ್ಲಿ. ಐಎನ್‌ಆರ್ 1.4ಕ್ಕೆ ಪ್ಲಾಸ್ಮಾ ಕೊಡಲಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ಯುವುದಾದರೆ ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಏರಿಸೋಣ ಎಂದು ನಾಲ್ಕು ಯೂನಿಟ್ ಕಾಯ್ದಿರಿಸಿದರು, ಬೇಕಾಗಲಿಲ್ಲ. ಬಿಪಿ 140ರ ಸುತ್ತ ಹಿಡಿದರು, ತಲೆ 30 ಡಿಗ್ರಿ ಎತ್ತರಕ್ಕೆ. ಕಾಲಿನ ಹೆಪ್ಪು ತಡೆಯಲು ಹೆಪಾರಿನ್ ಜಾತಿಯ ಇನಾಕ್ಸಪರಿನ್ ಬದಲು ಗಾಳಿ ತುಂಬುವ ಪಟ್ಟಿ.

ಉಳಿದ ಮೆಥನಾಲ್‌ಗೆ ಏನು ಮಾಡುವುದು? ಬಿಟ್ಟರೆ ಆಮ್ಲ ಮರಳುತ್ತದೆ, ಆಮ್ಲ ಮರಳಿದರೆ ಹೆಪ್ಪುಗಟ್ಟುವಿಕೆ ಮತ್ತೆ ಮಲಗುತ್ತದೆ. ಎಥನಾಲ್ ಮುಂದುವರಿಸಿ, ಆರು ಗಂಟೆಯ ನಂತರದ ಸಿಟಿಯಲ್ಲಿ ರಕ್ತ ಬೆಳೆದಿಲ್ಲ ಎಂದು ನೋಡಿಕೊಂಡು, ಹರಿವು 200ಕ್ಕೆ ಇಳಿಸಿ ನಿಧಾನದ 6 ಗಂಟೆಯ ಡಯಾಲಿಸಿಸ್ ಮಾಡಿದರು. 15 ನಿಮಿಷಕ್ಕೊಮ್ಮೆ ಸಲೈನ್, 3 ಗಂಟೆಗೆ ಡಯಲೈಸರ್ ಬದಲು. ಮುಗಿದ ಮೇಲೆ ಲಾಕ್ 4% ಸಿಟ್ರೇಟ್. ಎಥನಾಲ್‌ನ ಪಾಲು ಕಳೆದ ಗ್ಯಾಪ್ 9ಕ್ಕೆ ಬಂತು.

ಹೆಪಾರಿನ್ ಒಂದೇ ಈ ರಕ್ತಸ್ರಾವ ಮಾಡಿತು ಎಂದು ಹೇಳುವಂತಿಲ್ಲ. ಹೆಪಾರಿನ್ ಸೋಕದ ಮೆಥನಾಲ್ ರೋಗಿಗಳಲ್ಲೂ, ಡಯಾಲಿಸಿಸ್ಸೇ ಆಗದವರಲ್ಲೂ ಪುಟಾಮೆನ್‌ನಲ್ಲಿ ರಕ್ತ ಕಂಡಿದೆ. ಫಾರ್ಮಿಕ್ ಆಮ್ಲದಿಂದ ಬರುವ ಫಾರ್ಮೇಟ್ ಜೀವಕೋಶದ ಸೈಟೋಕ್ರೋಮ್ ಆಕ್ಸಿಡೇಸನ್ನು ತಡೆದು, ಆಮ್ಲಜನಕ ಇದ್ದೂ ಉಸಿರುಗಟ್ಟಿಸುತ್ತದೆ. ಹೆಚ್ಚು ದುಡಿಯುವ ಪುಟಾಮೆನ್ ಮೊದಲು ಸಾಯುತ್ತದೆ, ಸತ್ತ ಜಾಗದ ನಾಳಗಳು ಒಡೆಯುವಷ್ಟು ಬಡವಾಗಿರುತ್ತವೆ. ಆದರೆ ಎರಡೂ ಕಡೆ ಸತ್ತಿದ್ದು ಒಂದು ಕಡೆ ಮಾತ್ರ 30 ಮಿ.ಲೀ. ರಕ್ತ ತುಂಬಿದ ಈ ಸಿಟಿಯ ಎದುರು ನಿಂತಾಗ, 142ರ ಎಪಿಟಿಟಿಯನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕಲು ನಮಗೆ ಮನಸ್ಸು ಒಪ್ಪುವುದಿಲ್ಲ.

ಎಥಿಲೀನ್ ಗ್ಲೈಕಾಲ್, ಅಂದರೆ ರೇಡಿಯೇಟರ್ ಕೂಲಂಟ್ ಕುಡಿದವರ ವಿಷಯ ಸ್ವಲ್ಪ ಬೇರೆ. ಅಲ್ಲಿ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಅಯಾನಿಕ ಕ್ಯಾಲ್ಸಿಯಂ ಇಳಿಯುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಅದಕ್ಕೆ ತೀರಾ ಕೆಳಗಿಳಿಯಬೇಕು. ಅಷ್ಟರೊಳಗೆ ಹೃದಯವೇ ತಾಳ ತಪ್ಪಿರುತ್ತದೆ. ಅಂಥವರಿಗೆ ಸರ್ಕ್ಯೂಟಿನಲ್ಲಿ ಸಿಟ್ರೇಟ್ ಬಳಸಿದರೆ ಕ್ಯಾಲ್ಸಿಯಂ ಇನ್ನೂ ಇಳಿಯುತ್ತದೆ ಎಂಬುದಷ್ಟೇ ಇಲ್ಲಿ ನೆನಪಿಡಬೇಕಾದ್ದು.

ಆಮೇಲೆ

ಮೈದುನ ಅದೇ ದಿನ ಬೆಳಿಗ್ಗೆ 9ಕ್ಕೆ ಬಂದಿದ್ದ, ಪಿಎಚ್ 7.28, ದೃಷ್ಟಿ ಸರಿಯಿತ್ತು, ಆದರೆ ಅಯಾನ್ ಗ್ಯಾಪ್ 26. ಹೆಪಾರಿನ್ ಇಲ್ಲದೆ ಒಂದೇ ಸುತ್ತಿನ ಡಯಾಲಿಸಿಸ್ ಸಾಕಾಯಿತು. ಉಳಿದಿಬ್ಬರಿಗೆ ಎಥನಾಲ್ ಕೊಟ್ಟು ಕಾದರು.

ಮರುದಿನದಿಂದ ಆ ಘಟಕದ ಡಯಾಲಿಸಿಸ್ ಆದೇಶದ ಹಾಳೆಯಲ್ಲಿ ಹೆಪಾರಿನ್‌ಗೆ ಮೂರು ಪ್ರತ್ಯೇಕ ಸಾಲು ಬಂದವು: ತೊಳೆಯುವ ಸಲೈನ್, ನಡೆಯುವಾಗ, ಲಾಕ್. ಮೂರರ ಮುಂದೆಯೂ ಯೂನಿಟ್ ಸಂಖ್ಯೆ ಅಥವಾ 'ಇಲ್ಲ' ಎಂದು ಕೈಯಿಂದ ಬರೆಯಬೇಕು, ಖಾಲಿ ಬಿಡುವಂತಿಲ್ಲ. ಮಿ.ಲೀ.ಗೆ 5,000ದ ವೈಲ್ ಟ್ರಾಲಿಯಿಂದ ಬೀಗದ ಕಪಾಟಿಗೆ ಹೋಯಿತು. ಲಾಕ್ ಹಾಕಿದ ಕೊಳವೆಗೆ ಪ್ಲಾಸ್ಟರ್ ಸುತ್ತಿ, ಒಳಗೆ ಏನಿದೆ, ಎಷ್ಟಿದೆ ಎಂದು ಅದರ ಮೇಲೇ ಬರೆಯುತ್ತಾರೆ. ಎಳೆದರೆ ಬರದ ಕೊಳವೆಯನ್ನು ತಳ್ಳುವ ಮೊದಲು ವೈದ್ಯರನ್ನು ಕರೆಯಬೇಕು.

ರೋಗಿಯ ಪ್ಲೇಟ್‌ಲೆಟ್ ಐದನೇ ದಿನ 1.1 ಲಕ್ಷ, ಒಂಬತ್ತನೇ ದಿನ 1.9 ಲಕ್ಷ. ಕುಡಿತ ನಿಂತ ವಾರದಲ್ಲಿ ಮೂಳೆ ಮಜ್ಜೆ ಹೀಗೆ ಚೇತರಿಸಿಕೊಳ್ಳುವುದು ಸಾಮಾನ್ಯ. 92 ಸಾವಿರದ ಕಾರಣ ಹಳೇ ಕುಡಿತವೇ ಎಂಬುದಕ್ಕೂ ಇದು ಪುರಾವೆ. ಇಪ್ಪತ್ತೊಂದನೇ ದಿನ ಮನೆಗೆ ಹೋದ. ಆರು ವಾರದ ನಂತರ ಎಡಗೈಯಲ್ಲಿ ಲೋಟ ಹಿಡಿಯುತ್ತಾನೆ, ಆದರೆ ನಡಿಗೆ ಬಿಗಿ, ಮಾತು ಮೆಲ್ಲಗೆ, ಮುಖದಲ್ಲಿ ಭಾವ ಕಡಿಮೆ. ಪುಟಾಮೆನ್ ಎರಡೂ ಕಡೆ ಸತ್ತಿದ್ದರ ಫಲ ಅದು. ಬಲಗಣ್ಣಿಗೆ ಎರಡು ಅಡಿ ದೂರದಲ್ಲಿ ಬೆರಳೆಣಿಸುವಷ್ಟು ಕಾಣುತ್ತದೆ, ಎಡಗಣ್ಣಿಗೆ ಕೈ ಬೀಸಿದ್ದಷ್ಟೇ. ಎಪಿಟಿಟಿ 31.